ಅಕ್ಟೋಬರ್ ಚಳಿ, ಟೆಂಟ್, ಇಬ್ಬರು ಪುಟ್ಟ ಮಕ್ಕಳು

ಪ್ರಶ್ನೆ: ನಾವಿರುವುದು ವರ್ಜೀನಿಯಾದ ಆಶ್‌ಬರ್ನ್‌ನಲ್ಲಿ. ಅಕ್ಟೋಬರ್ ಮಧ್ಯದಲ್ಲಿ ಶೆನಾಂಡೋವಾ ನ್ಯಾಷನಲ್ ಪಾರ್ಕ್‌ನ ಬಿಗ್ ಮೆಡೋಸ್‌ನಲ್ಲಿ ಎರಡು ರಾತ್ರಿಗೆ ಟೆಂಟ್ ಜಾಗ ಸಿಕ್ಕಿದೆ. ಮಗಳಿಗೆ 5 ವರ್ಷ, ಮಗನಿಗೆ 20 ತಿಂಗಳು. ಬೇಸಿಗೆಯಲ್ಲಿ ಒಮ್ಮೆ ಕ್ಯಾಂಪಿಂಗ್ ಮಾಡಿದ್ದೇವೆ, ಚಳಿಯಲ್ಲಿ ಇದೇ ಮೊದಲು. ದಾವಣಗೆರೆಯಿಂದ ಬಂದಿರುವ ಅತ್ತೆ "ಮಕ್ಕಳಿಗೆ ಶೀತ ಆಗುತ್ತೆ, ಬೇಡವೇ ಬೇಡ" ಅನ್ನುತ್ತಿದ್ದಾರೆ. ನಮ್ಮ ಮನೆಯವರು ಟೆಂಟ್ ಒಳಗೆ ಇಡಲು ಸಣ್ಣ ಗ್ಯಾಸ್ ಹೀಟರ್ ತರೋಣ ಅನ್ನುತ್ತಾರೆ. ಹೋಗಬಹುದಾ? ಹೋದರೆ ಮಕ್ಕಳನ್ನು ಬೆಚ್ಚಗೆ ಇಡುವುದು ಹೇಗೆ?

ಉತ್ತರ: ಹೋಗಬಹುದು, ಧೈರ್ಯವಾಗಿ ಹೋಗಿ. ಆದರೆ ಹೀಟರ್ ಬೇಡ. ಮೊದಲು ಆ ಮಾತು ಮುಗಿಸಿಬಿಡುತ್ತೇನೆ, ಉಳಿದದ್ದು ಆಮೇಲೆ.

ಗ್ಯಾಸ್ ಹೀಟರ್ ಇರಲಿ, ಇದ್ದಿಲ ಒಲೆ ಇರಲಿ, ಅಡುಗೆಯ ಸ್ಟೋವ್ ಇರಲಿ, ಟೆಂಟ್ ಒಳಗೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಮಂಪರು ಬರುತ್ತದೆ. ನಿದ್ದೆಯಲ್ಲಿದ್ದವರಿಗೆ ಅದೂ ತಿಳಿಯುವುದಿಲ್ಲ. ಆರುತ್ತಾ ಬಂದ ಇದ್ದಿಲಿನಿಂದಲೂ ಈ ಅನಿಲ ಬರುತ್ತಲೇ ಇರುತ್ತದೆ. ಹಾಗಾಗಿ "ಉರಿ ಇಲ್ಲ, ಬರೀ ಕೆಂಡ ಇದೆ" ಅಂತ ಒಳಗೆ ತರುವುದೂ ಅಷ್ಟೇ ಅಪಾಯ. ಮಕ್ಕಳು ನಮಗಿಂತ ಬೇಗ ಉಸಿರಾಡುತ್ತಾರೆ, ವಿಷ ಅವರಿಗೆ ಮೊದಲು ತಗಲುತ್ತದೆ. ನಿಮ್ಮವರಿಗೆ ಇಷ್ಟು ಹೇಳಿ, ಒಪ್ಪುತ್ತಾರೆ. ಹೀಟರ್ ದುಡ್ಡಿನಲ್ಲಿ ನೆಲಕ್ಕೆ ಹಾಸಲು ಒಳ್ಳೆಯ ಪ್ಯಾಡ್ ತನ್ನಿ. ನಾನು ಇಷ್ಟು ಉದ್ದ ಬರೆಯುತ್ತಿರುವುದು ಮುಖ್ಯವಾಗಿ ಆ ಪ್ಯಾಡ್ ವಿಷಯಕ್ಕೇ.

ಚಳಿ ಎಷ್ಟಿರುತ್ತದೆ ಅನ್ನುವ ಅಂದಾಜು ಮೊದಲು ಬೇಕು. ಬಿಗ್ ಮೆಡೋಸ್ ಇರುವುದು ಸುಮಾರು 3500 ಅಡಿ ಎತ್ತರದಲ್ಲಿ, ಹೆಚ್ಚು ಕಡಿಮೆ ನಮ್ಮ ಚಿಕ್ಕಮಗಳೂರು ಪಟ್ಟಣದಷ್ಟು. ನಿಮ್ಮ ಆಶ್‌ಬರ್ನ್ ಅದಕ್ಕಿಂತ 3000 ಅಡಿ ಕೆಳಗಿದೆ. ಸಾವಿರ ಅಡಿ ಮೇಲೆ ಹೋದರೆ ಸುಮಾರು 2 ಡಿಗ್ರಿ ಸೆಲ್ಸಿಯಸ್ ಕಡಿಮೆಯಾಗುತ್ತದೆ. ಅಂದರೆ ಮನೆಯ ಫೋನಿನಲ್ಲಿ ಕಾಣುವ ಹವಾಮಾನದಿಂದ 6 ಡಿಗ್ರಿ ಕಳೆಯಿರಿ. ಅಕ್ಟೋಬರ್ ಮಧ್ಯದ ರಾತ್ರಿ ಅಲ್ಲಿ 4-5 ಡಿಗ್ರಿ ಸಾಮಾನ್ಯ, ಕೆಲವು ರಾತ್ರಿ ಸೊನ್ನೆಗೂ ಇಳಿಯುತ್ತದೆ. ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಅದಕ್ಕಿಂತ ತಣ್ಣಗಿರುವ ಜಾಗದಲ್ಲಿ ನೀವು 20 ತಿಂಗಳ ಮಗುವನ್ನು ಮಲಗಿಸುತ್ತೀರಿ. ಹೆದರಿಸಲು ಹೇಳುತ್ತಿಲ್ಲ. ಊರಿನ ಮಾಗಿ ಚಳಿಯ ಲೆಕ್ಕ ಇಲ್ಲಿ ಸಾಲದು ಅಂತಷ್ಟೇ.

ಇನ್ನೊಂದು ಲೆಕ್ಕವನ್ನು ತುಂಬ ಜನ ಮರೆಯುತ್ತಾರೆ. ನೀವು ಹೋಗುವ ದಿನಗಳಲ್ಲಿ ಸೂರ್ಯ ಸಂಜೆ ಆರೂವರೆ ಹೊತ್ತಿಗೆ ಮುಳುಗಿ ಬೆಳಿಗ್ಗೆ ಏಳು ಕಾಲು ದಾಟಿದ ಮೇಲೆ ಹುಟ್ಟುತ್ತಾನೆ. ಸುಮಾರು ಹದಿಮೂರು ಗಂಟೆ ಬಿಸಿಲಿಲ್ಲ. ಜೂನ್‌ನಲ್ಲಿ ಮಾಡಿದ ಕ್ಯಾಂಪಿಂಗ್ ಅಂದರೆ ಹಗಲಿನ ಕಾರ್ಯಕ್ರಮ. ಅಕ್ಟೋಬರ್‌ನದು ಹಾಗಲ್ಲ, ಇದು ಪೂರ್ತಿ ರಾತ್ರಿಯ ಕಾರ್ಯಕ್ರಮ. ತಯಾರಿಯೂ ಅದಕ್ಕೇ ಆಗಬೇಕು.

ಈಗ ಪ್ಯಾಡ್ ವಿಷಯ. ನಾನು ಇದನ್ನು ಕಲಿತದ್ದು ನನ್ನ ಮಗಳನ್ನು ಅಳಿಸಿ. ಅವಳಿಗೆ ಆಗ ಮೂರು ವರ್ಷ. ಇದೇ ಬೆಟ್ಟಸಾಲಿನಲ್ಲಿ ಅಕ್ಟೋಬರ್‌ನಲ್ಲೇ ಹೋಗಿದ್ದೆವು. ಮನೆಗೆ ನೆಂಟರು ಬಂದಾಗ ಹಾಸುವ, ಗಾಳಿ ತುಂಬುವ ದೊಡ್ಡ ಹಾಸಿಗೆ ತಂದಿದ್ದೆವು. ಮೇಲೆ ಮೂರು ರಜಾಯಿ. ಮಲಗುವಾಗ ಮೆತ್ತಗೆ, ಬೆಚ್ಚಗೆ ಇತ್ತು. ರಾತ್ರಿ ಎರಡು ಗಂಟೆಗೆ ಅವಳು ಅಳುತ್ತಾ ಎದ್ದಳು. ನಾನು ಇನ್ನೊಂದು ರಗ್ಗು ಹೊದಿಸಿದೆ. ಅಳು ನಿಲ್ಲಲಿಲ್ಲ. ಎತ್ತಿಕೊಂಡಾಗ ಗೊತ್ತಾಯಿತು: ಎದೆ, ಹೊಟ್ಟೆ ಬೆಚ್ಚಗಿವೆ, ಬೆನ್ನು ಮಾತ್ರ ಫ್ರಿಜ್‌ನಿಂದ ತೆಗೆದ ಪಾತ್ರೆಯ ಹಾಗೆ ತಣ್ಣಗಿದೆ. ಹಾಸಿಗೆಯ ಮೇಲೆ ಅಂಗೈ ಊರಿದೆ, ಅದೂ ಹಾಗೇ ಕೊರೆಯುತ್ತಿತ್ತು. ನಾಲ್ಕು ಹೊದಿಕೆ ಮೇಲಿದ್ದರೂ ಮಗು ಕೆಳಗಿನಿಂದ ತಣ್ಣಗಾಗುತ್ತಿತ್ತು. ಆ ರಾತ್ರಿ ಉಳಿದದ್ದನ್ನು ಕಾರಿನಲ್ಲೇ ಕಳೆದೆವು.

ಕಾರಣ ಸರಳ. ಹೊದಿಕೆ ಬೆಚ್ಚಗಿಡುವುದು ಅದರೊಳಗೆ ಅಲುಗಾಡದೆ ನಿಂತ ಗಾಳಿಯಿಂದ. ಮೈ ಕೆಳಗೆ ಬಿದ್ದ ಹೊದಿಕೆ ಭಾರಕ್ಕೆ ಚಪ್ಪಟೆಯಾಗುತ್ತದೆ, ಗಾಳಿ ಹೊರಗೆ ಹೋಗುತ್ತದೆ. ಸ್ಲೀಪಿಂಗ್ ಬ್ಯಾಗ್‌ಗೂ ಇದೇ ಪಾಡು. ಗಾಳಿ ಹಾಸಿಗೆಯದು ಇನ್ನೊಂದು ಕಥೆ. ಅದರೊಳಗಿನ ಗಾಳಿ ಒಂದೇ ಕಡೆ ನಿಲ್ಲುವುದಿಲ್ಲ. ಮಗ್ಗುಲು ಬದಲಿಸಿದಾಗಲೆಲ್ಲ ಓಡಾಡಿ ಮೈಯ ಬಿಸಿಯನ್ನು ನೆಲಕ್ಕೆ ಮುಟ್ಟಿಸುತ್ತದೆ.

ಪ್ಯಾಡ್‌ಗಳ ಮೇಲೆ 'ಆರ್ ವ್ಯಾಲ್ಯೂ' ಅಂತ ಒಂದು ಅಂಕಿ ಬರೆದಿರುತ್ತಾರೆ. ನೆಲದ ಚಳಿಯನ್ನು ಎಷ್ಟು ತಡೆಯುತ್ತದೆ ಅನ್ನುವ ಅಳತೆ ಅದು. ನಿಮ್ಮ ಪ್ರವಾಸಕ್ಕೆ 4 ಅಥವಾ ಅದಕ್ಕಿಂತ ಜಾಸ್ತಿ ಇರಲಿ. ಎರಡು ಪ್ಯಾಡ್ ಒಂದರ ಮೇಲೊಂದು ಹಾಕಿದರೆ ಅಂಕಿಗಳನ್ನು ಕೂಡಿಸಿಕೊಳ್ಳಬಹುದು. ಹಾಗಾಗಿ ದುಬಾರಿಯದನ್ನೇ ಕೊಳ್ಳಬೇಕಿಲ್ಲ. ಮಡಚುವ ಫೋಮ್ ಚಾಪೆ ಒಂದಕ್ಕೆ ಸುಮಾರು 2 ಇರುತ್ತದೆ, ಎರಡು ಹಾಸಿದರೆ 4. ಮಕ್ಕಳ ಆಟದ ಕೋಣೆಯಲ್ಲಿ ಜೋಡಿಸುವ ಫೋಮ್ ಚೌಕಗಳು ಮನೆಯಲ್ಲಿವೆಯಾ? ಇದ್ದರೆ ಟೆಂಟಿನ ನೆಲಕ್ಕೆಲ್ಲ ಅವನ್ನು ಹಾಸಿ, ಅದರ ಮೇಲೆ ಪ್ಯಾಡ್ ಹಾಕಿ. ರಾತ್ರಿ ಉರುಳಿ ಪ್ಯಾಡಿನಿಂದ ಆಚೆ ಬಿದ್ದ ಮಗುವೂ ಬರೀ ನೆಲದ ಮೇಲೆ ಇರುವುದಿಲ್ಲ. ಈ ವಯಸ್ಸಿನ ಮಕ್ಕಳು ಖಂಡಿತ ಉರುಳುತ್ತಾರೆ.

ನಿಮ್ಮ ಅತ್ತೆಗೆ ಇದನ್ನು ವಿವರಿಸುವ ಅಗತ್ಯವೇ ಬರಲಿಕ್ಕಿಲ್ಲ. ದಾವಣಗೆರೆ, ಚಿತ್ರದುರ್ಗದ ಕಡೆ ಕುರಿ ಮಂದೆಯ ಜೊತೆ ಹೊಲದಲ್ಲಿ ಮಲಗುವವರು ಕಂಬಳಿಯನ್ನು ಹೊದೆಯುವುದಷ್ಟೇ ಅಲ್ಲ, ಹಾಸುತ್ತಾರೆ ಕೂಡ. ಒರಟಾದ ಕುರಿ ಉಣ್ಣೆ ಭಾರ ಬಿದ್ದರೂ ಪೂರ್ತಿ ಚಪ್ಪಟೆಯಾಗುವುದಿಲ್ಲ, ಸ್ವಲ್ಪ ಒದ್ದೆಯಾದರೂ ಬೆಚ್ಚಗಿರುತ್ತದೆ. ಮನೆಯಲ್ಲಿ ಊರಿನ ಕಂಬಳಿ ಇದ್ದರೆ ತೆಗೆದುಕೊಂಡು ಹೋಗಿ. ಪ್ಯಾಡಿನ ಮೇಲೆ, ಮಕ್ಕಳ ಕೆಳಗೆ ಹಾಕಿ.

ಸ್ಲೀಪಿಂಗ್ ಬ್ಯಾಗ್ ಕೊಳ್ಳುವಾಗ ಹೆಸರಿನ ಜೊತೆ ಇರುವ ಅಂಕಿಗೆ ಮೋಸ ಹೋಗಬೇಡಿ. '30' ಅಂತಿದ್ದರೆ 30 ಫ್ಯಾರನ್‌ಹೀಟ್‌ನಲ್ಲಿ, ಅಂದರೆ ಸೊನ್ನೆ ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಹಾಯಾಗಿ ನಿದ್ದೆ ಬರುತ್ತದೆ ಅಂತ ಅರ್ಥವಲ್ಲ. ಸಾಮಾನ್ಯವಾಗಿ ಅದು ಹೇಗೋ ಮುದುಡಿಕೊಂಡು ತಡೆದುಕೊಳ್ಳುವ ಮಿತಿ. ಒಳಗಿನ ಚೀಟಿಯಲ್ಲಿ 'ಕಂಫರ್ಟ್' ಅಂತ ಬೇರೆ ಅಂಕಿ ಇರುತ್ತದೆ, ಅದನ್ನು ನೋಡಿ. ಈ ಅಂಕಿಗಳೂ ದೊಡ್ಡವರ ಮೈಗೆ ಹಾಕಿದ ಲೆಕ್ಕ. ನಾನಾದರೆ ನಿಮ್ಮ ಮಗಳಿಗೆ 20 ಫ್ಯಾರನ್‌ಹೀಟ್‌ನ ಬ್ಯಾಗ್ ಕೊಡುತ್ತೇನೆ. ದೊಡ್ಡವರ ಬ್ಯಾಗೇ ಆದರೆ ಕಾಲಿನ ಕಡೆ ಉಳಿದ ಭಾಗವನ್ನು ಹಗ್ಗದಿಂದ ಬಿಗಿಯಾಗಿ ಕಟ್ಟಿ ಕೆಳಗೆ ಮಡಚಿ. ಖಾಲಿ ಜಾಗ ಇದ್ದಷ್ಟೂ ಅದನ್ನು ಬಿಸಿ ಮಾಡುವ ಕೆಲಸ ಆ ಪುಟ್ಟ ಮೈಗೇ ಬೀಳುತ್ತದೆ.

ಮಗನ ವಿಷಯ ಬೇರೆ. ಅವನನ್ನು ದೊಡ್ಡವರ ಬ್ಯಾಗಿನಲ್ಲಿ ಕತ್ತಿನವರೆಗೆ ತುರುಕಬೇಡಿ. ಒಳಗೆ ಜಾರಿದರೆ ಬಟ್ಟೆ ಮುಖಕ್ಕೆ ಬರುತ್ತದೆ. ಕೈ ಹೊರಗಿರುವ, ಮೈಗೇ ತೊಡಿಸುವ ದಪ್ಪ ಸ್ಲೀಪ್ ಸ್ಯಾಕ್ ಹಾಕಿ. ಒಳಗೆ ಉಣ್ಣೆ ಅಥವಾ ಪಾಲಿಯೆಸ್ಟರ್‌ನ ಮೈಗಂಟುವ ಬಟ್ಟೆ, ಅದರ ಮೇಲೆ ಫ್ಲೀಸ್, ಎರಡು ಜೊತೆ ಕಾಲುಚೀಲ. ತಲೆಗೆ ಕುಲಾವಿ. ಗಲ್ಲದ ಕೆಳಗೆ ದಾರ ಕಟ್ಟುವ ಕುಲಾವಿ ಮಲಗುವಾಗ ಬೇಡ, ಮೆತ್ತಗೆ ಅಂಟಿ ಕೂರುವ ಟೋಪಿ ಸಾಕು. ಅವನು ನಿಮ್ಮ ಪಕ್ಕದಲ್ಲೇ, ಅವನದೇ ಪ್ಯಾಡ್ ಮೇಲೆ ಮಲಗಲಿ. ಒಂದು ವರ್ಷ ತುಂಬದ ಮಗುವಿನ ಅಮ್ಮ ಕೇಳಿದ್ದರೆ ನಾನು ಈ ತಿಂಗಳು ಬೇಡ, ಮುಂದಿನ ಬೇಸಿಗೆಗೆ ಹೋಗಿ ಅನ್ನುತ್ತಿದ್ದೆ. ಅಷ್ಟು ಚಿಕ್ಕ ಕೂಸಿನ ಹತ್ತಿರ ಸಡಿಲವಾದ ಹೊದಿಕೆ ಇಡುವಂತಿಲ್ಲ. ಹೊದಿಕೆ ಇಲ್ಲದೆ ಆ ಚಳಿ ಕಷ್ಟ.

ಬೆಚ್ಚಗಿದ್ದಾರಾ ಅಂತ ನೋಡುವುದು ಹೇಗೆ? ಅಂಗೈ ಮುಟ್ಟಿ ನೋಡಬೇಡಿ. ಮಕ್ಕಳ ಕೈ, ಮೂಗು ತಣ್ಣಗಿರುವುದು ಸಹಜ. ನಿಮ್ಮ ಎರಡು ಬೆರಳನ್ನು ಕಂಕುಳಲ್ಲಿ ಇಟ್ಟು ಬಿಸಿ ಮಾಡಿಕೊಂಡು ಮಗುವಿನ ಹೆಕ್ಕತ್ತಿನ ಮೂಲಕ ಬಟ್ಟೆಯೊಳಗೆ, ಬೆನ್ನಿನ ಮೇಲ್ಭಾಗಕ್ಕೆ ಇಳಿಸಿ. ಬೆಚ್ಚಗೆ, ಒಣಗಿದ್ದರೆ ಎಲ್ಲ ಸರಿ. ತಣ್ಣಗಿದ್ದರೆ ಇನ್ನೊಂದು ಪದರ ಹಾಕಿ. ಬೆವರಿದ್ದರೆ ಒಂದು ಪದರ ತೆಗೆಯಿರಿ, ತಡ ಮಾಡಬೇಡಿ. ಹೆದರಿಕೆಗೆ ನಾವು ಅತಿಯಾಗಿ ಹೊದಿಸುತ್ತೇವೆ. ಬೆವರಿದ ಮಗು ಬೆಳಗಿನ ಜಾವ ನಾಲ್ಕಕ್ಕೆ ಒದ್ದೆ ಬಟ್ಟೆಯಲ್ಲಿ ನಡುಗುತ್ತದೆ. ನಾನು ಹತ್ತಕ್ಕೆ, ಒಂದಕ್ಕೆ, ನಾಲ್ಕಕ್ಕೆ ಅಲಾರಂ ಇಟ್ಟುಕೊಳ್ಳುತ್ತೇನೆ. ನಾಲ್ಕರಿಂದ ಸೂರ್ಯ ಹುಟ್ಟುವವರೆಗೆ ಚಳಿ ಅತಿ ಜಾಸ್ತಿ.

ಹತ್ತಿ ಬಟ್ಟೆಯನ್ನು ಈ ಎರಡು ದಿನ ಮನೆಯಲ್ಲೇ ಬಿಡಿ. ಜೀನ್ಸ್, ಹತ್ತಿ ಬನಿಯನ್, ಹತ್ತಿ ಕಾಲುಚೀಲ ಯಾವುದೂ ಬೇಡ. ಹತ್ತಿ ನೀರು ಹೀರಿದರೆ ಬೇಗ ಒಣಗುವುದಿಲ್ಲ, ಮೈಯ ಬಿಸಿ ಎಳೆಯುತ್ತಲೇ ಇರುತ್ತದೆ. ಇಬ್ಬರಿಗೂ ಒಂದೊಂದು ಜೊತೆ 'ಮಲಗುವ ಬಟ್ಟೆ' ಬೇರೆ ಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಹಗಲಿನಲ್ಲಿ ಏನೇ ಆಗಲಿ ಅದನ್ನು ಬಿಚ್ಚಬಾರದು. ಮಲಗುವ ಮೊದಲು ಒಳಉಡುಪಿನಿಂದ ಹಿಡಿದು ಎಲ್ಲವನ್ನೂ ಬದಲಿಸಿ, ಮಗನಿಗೆ ಹೊಸ ಡೈಪರ್ ಹಾಕಿ. ಹಗಲು ಓಡಾಡಿದ ಬಟ್ಟೆ ಒಣಗಿದೆ ಅನ್ನಿಸಿದರೂ ಅದರಲ್ಲಿ ಬೆವರು ಇರುತ್ತದೆ. ಅಂದ ಹಾಗೆ, ಕಾರ್ ಸೀಟಿನಲ್ಲಿ ಕೂರಿಸುವಾಗ ದಪ್ಪ ಜಾಕೆಟ್ ತೆಗೆಯಿರಿ. ಅದರ ಮೇಲೆ ಬೆಲ್ಟ್ ಬಿಗಿಯಾದಂತೆ ಕಾಣುತ್ತದೆ, ಅಪಘಾತವಾದರೆ ಜಾಕೆಟ್ ಅಮುಕಿ ಬೆಲ್ಟ್ ಸಡಿಲವಾಗುತ್ತದೆ. ಬೆಲ್ಟ್ ಹಾಕಿದ ಮೇಲೆ ಜಾಕೆಟ್ಟನ್ನು ಮುಂದಿನಿಂದ ಹೊದಿಸಿ.

ಟೆಂಟಿನ ಮೇಲಿನ ಗಾಳಿ ಕಿಟಕಿಗಳನ್ನು ಚಳಿ ಅಂತ ಮುಚ್ಚಬೇಡಿ. ನಾಲ್ಕು ಜನರ ಉಸಿರಿನ ತೇವವೆಲ್ಲ ಬಟ್ಟೆಗೆ ಹನಿಗಟ್ಟಿ, ಬೆಳಗಿನ ಜಾವ ಮಕ್ಕಳ ಮೇಲೆ ತೊಟ್ಟಿಕ್ಕುತ್ತದೆ. ಚೂರು ತೆರೆದ ಟೆಂಟ್ ಒಣಗಿರುತ್ತದೆ. ಒಣಗಿರುವುದೇ ಮುಖ್ಯ.

ಬಿಸಿ ಬೇಕೆಂದರೆ ಹೀಟರ್ ಬದಲು ಬಿಸಿನೀರಿನ ಬಾಟಲಿ. ಬಿಸಿನೀರಿಗೆಂದೇ ಮಾಡಿದ, ಮುಚ್ಚಳ ಗಟ್ಟಿಯಿರುವ ಬಾಟಲಿಗೆ ಮಲಗುವ ಅರ್ಧ ಗಂಟೆ ಮೊದಲು ನೀರು ತುಂಬಿ. ತಲೆಕೆಳಗು ಮಾಡಿ ಸೋರುತ್ತದಾ ನೋಡಿ. ದಪ್ಪ ಉಣ್ಣೆಯ ಕಾಲುಚೀಲದೊಳಗೆ ಹಾಕಿ ಮಗಳ ಬ್ಯಾಗಿನ ತಳದಲ್ಲಿಡಿ. ಅವಳು ಒಳಗೆ ಹೋಗುವಾಗ ಕಾಲಿನ ಕಡೆ ಬೆಚ್ಚಗಿರುತ್ತದೆ. ಆಮೇಲೆ ಅದನ್ನು ನೀವು ತೆಗೆದುಕೊಳ್ಳಿ. ಮಗನ ಜಾಗವನ್ನೂ ಹೀಗೇ ಬಿಸಿ ಮಾಡಬಹುದು, ಅವನನ್ನು ಮಲಗಿಸುವ ಮೊದಲು ಬಾಟಲಿ ಹೊರಗೆ ತೆಗೆಯಿರಿ. ಎಳೆಯ ಚರ್ಮ ಸುಡುವುದಕ್ಕೆ ಕುದಿಯುವ ನೀರೇ ಬೇಕಿಲ್ಲ.

ಊಟ ಕತ್ತಲಾಗುವ ಮೊದಲೇ ಮುಗಿಯಲಿ. ಇದು ನನ್ನ ಗಟ್ಟಿ ಅಭಿಪ್ರಾಯ. ಐದೂವರೆಗೆ ಮಕ್ಕಳ ತಟ್ಟೆಯಲ್ಲಿ ಬಿಸಿ ಊಟ ಇರಬೇಕು. ಅಲ್ಲಿ ಹೋಗಿ ಈರುಳ್ಳಿ ಹೆಚ್ಚುವುದು, ಒಗ್ಗರಣೆ ಹಾಕುವುದು ಬೇಡ. ಮನೆಯಲ್ಲೇ ಬಿಸಿಬೇಳೆಬಾತ್ ಮಾಡಿ, ತಣ್ಣಗಿನ ಡಬ್ಬಿಯಲ್ಲಿಟ್ಟು, ಅಲ್ಲಿ ಸ್ವಲ್ಪ ನೀರು ಹಾಕಿ ಕುದಿಸಿ. ತುಪ್ಪ ಧಾರಾಳವಾಗಿ ಹಾಕಿ. ಮಲಗುವ ಮುಂಚೆ ಬೆಲ್ಲ ಹಾಕಿದ ರಾಗಿ ಗಂಜಿ, ಅಥವಾ ತಂಬಿಟ್ಟು. ರಾತ್ರಿಯಿಡೀ ಮೈ ಬಿಸಿಯಾಗಿರಲು ಉರಿಯುವ ಸೌದೆ ಇದೇ. ಹಸಿದ ಮಗುವನ್ನು ಎಷ್ಟು ಹೊದಿಸಿದರೂ ಚಳಿ ಬಿಡುವುದಿಲ್ಲ. ಬೆಳಗಿನ ಗಂಜಿಗೆ ಕುದಿಯುವ ನೀರನ್ನು ರಾತ್ರಿಯೇ ಫ್ಲಾಸ್ಕ್‌ಗೆ ತುಂಬಿಟ್ಟರೆ ಎದ್ದ ಹತ್ತು ನಿಮಿಷಕ್ಕೆ ಕೈಗೆ ಬಿಸಿ ಲೋಟ ಸಿಗುತ್ತದೆ.

ಅಲ್ಲಿ ಕಪ್ಪು ಕರಡಿಗಳಿವೆ. ತಿನ್ನುವುದಷ್ಟೇ ಅಲ್ಲ, ಟೂತ್‌ಪೇಸ್ಟ್, ಡೈಪರ್ ಕ್ರೀಮ್, ಹಾಲಿನ ಬಾಟಲಿ, ಮಗಳ ಜೇಬಿನ ಬಿಸ್ಕತ್ತಿನ ಚೂರು ಎಲ್ಲವೂ ಕಾರಿನೊಳಗೆ ಅಥವಾ ಅಲ್ಲಿ ಕೊಡುವ ಲೋಹದ ಪೆಟ್ಟಿಗೆಯೊಳಗೆ ಹೋಗಬೇಕು. ಟೆಂಟ್ ಒಳಗೆ ವಾಸನೆ ಬರುವ ವಸ್ತು ಒಂದೂ ಇರಬಾರದು.

ಸೌದೆಯನ್ನು ಮನೆಯಿಂದ ಒಯ್ಯಬೇಡಿ. ಆಶ್ ಮರಗಳನ್ನು ಕೊಲ್ಲುವ ಹಸಿರು ಜೀರುಂಡೆ ಸೌದೆಯ ಜೊತೆ ಊರಿಂದೂರಿಗೆ ಹೋಗುತ್ತದೆ, ಅದಕ್ಕೇ ಪಾರ್ಕಿನಲ್ಲಿ ನಿಷೇಧ. ಅಲ್ಲಿನ ಅಂಗಡಿಯಲ್ಲೇ ಸಿಗುತ್ತದೆ. ಬೆಂಕಿಯ ಸುತ್ತ ಕೋಲಿನಿಂದ ಒಂದು ಗೆರೆ ಎಳೆಯಿರಿ, ಮಗಳಿಗೆ ಆ ಗೆರೆ ಕಾಯುವ ಕೆಲಸ ಕೊಡಿ. ಐದು ವರ್ಷದವರು ಇಂಥ ಕೆಲಸವನ್ನು ತುಂಬ ನಿಷ್ಠೆಯಿಂದ ಮಾಡುತ್ತಾರೆ. ಮಗ ಬೆಂಕಿಯ ಹತ್ತಿರ ಇರುವಾಗ ಯಾರಾದರೊಬ್ಬರ ತೊಡೆಯ ಮೇಲೇ ಇರಲಿ. ಮಲಗುವ ಮೊದಲು ನೀರು ಸುರಿದು, ಕೆದಕಿ, ಮತ್ತೆ ಸುರಿಯಿರಿ. ಬೂದಿಯ ಕೆಳಗಿನ ಕೆಂಡ ಮರುದಿನ ಬೆಳಿಗ್ಗೆಯೂ ಕೈ ಸುಡುವಷ್ಟು ಬಿಸಿ ಉಳಿದಿರುತ್ತದೆ. ಬೂದಿ ಕಂಡರೆ ಮಕ್ಕಳು ಆಡಲು ಹೋಗುತ್ತಾರಲ್ವಾ.

ಹಗಲಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಡಾರ್ಕ್ ಹಾಲೋ ಜಲಪಾತ ಹತ್ತಿರದಲ್ಲೇ ಇದೆ, ಆದರೆ ಹೋಗುವಾಗ ಇಳಿಜಾರು, ಬರುವಾಗ ಪೂರ್ತಿ ಏರು. ಸುಸ್ತಾದ ಇಬ್ಬರನ್ನು ಎತ್ತಿಕೊಂಡು ಹತ್ತಬೇಕಾಗುತ್ತದೆ. ಮೆಡೋಸ್ ಹುಲ್ಲುಗಾವಲೇ ಸಾಕು. ಅಕ್ಟೋಬರ್‌ನಲ್ಲಿ ಅಲ್ಲಿನ ಬ್ಲೂಬೆರಿ ಪೊದೆಗಳು ಕೆಂಪಾಗಿರುತ್ತವೆ, ಸಂಜೆ ಜಿಂಕೆಗಳು ಬರುತ್ತವೆ. ಹುಲ್ಲಿನಲ್ಲಿ ಆಡಿ ಬಂದ ಮೇಲೆ ಮೈಯೆಲ್ಲ ಉಣುಗು ಹುಡುಕಿ. ಮಲೆನಾಡಿನವರಿಗೆ ಇದರ ಭಯ ಗೊತ್ತು. ಇಲ್ಲಿನದು ಲೈಮ್ ಕಾಯಿಲೆ ಹರಡುತ್ತದೆ, ಚಳಿ ಬಂತು ಅಂತ ಮಾಯವಾಗುವುದಿಲ್ಲ. ಕಿವಿಯ ಹಿಂದೆ, ಕಂಕುಳು, ತೊಡೆಸಂದು, ಮಂಡಿಯ ಹಿಂದೆ ನೋಡಿ. ದಾರಿಯಲ್ಲಿ ಫ್ರಂಟ್ ರಾಯಲ್ ಕಡೆಯಿಂದ ಸ್ಕೈಲೈನ್ ಡ್ರೈವ್ ಹತ್ತಬೇಡಿ. ಅಲ್ಲಿಂದ 51 ಮೈಲಿ, ವೇಗದ ಮಿತಿ ಗಂಟೆಗೆ 35 ಮೈಲಿ, ಉದ್ದಕ್ಕೂ ತಿರುವು. ಮಕ್ಕಳಿಗೆ ವಾಂತಿಯಾಗುತ್ತದೆ. ಥಾರ್ನ್‌ಟನ್ ಗ್ಯಾಪ್‌ನಿಂದ ಹೋದರೆ 20 ಮೈಲಿ ಮಾತ್ರ. ಎಲೆ ಬಣ್ಣ ನೋಡಲು ಬರುವವರ ಸಾಲು ಇರುವ ಸಮಯ, ಬೆಳಿಗ್ಗೆ ಬೇಗ ಹೊರಡಿ.

ಈಗ ಅತ್ತೆಯ ಮಾತು. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನೆಗಡಿ ಬರುವುದು ವೈರಸ್‌ನಿಂದ, ತಣ್ಣನೆಯ ಗಾಳಿಯಿಂದಲೇ ಅಲ್ಲ, ನಿಜ. ಆದರೆ ಉಬ್ಬಸ ಇರುವ ಮಕ್ಕಳಿಗೆ ತಣ್ಣನೆ ಒಣಗಾಳಿ ತೊಂದರೆ ಕೊಡುತ್ತದೆ. ಇಬ್ಬರಲ್ಲಿ ಯಾರಿಗಾದರೂ ಅದಿದ್ದರೆ ಮೊದಲು ಡಾಕ್ಟರನ್ನು ಕೇಳಿ. ಇನ್‌ಹೇಲರ್ ನಿಮ್ಮ ಒಳಜೇಬಿನಲ್ಲೇ ಇರಲಿ, ತಣ್ಣಗಾದರೆ ಸರಿಯಾಗಿ ಹೊಡೆಯುವುದಿಲ್ಲ. ಹೊರಡುವ ದಿನ ಜ್ವರ, ಕಿವಿನೋವು ಇದ್ದರೆ ಹೋಗಲೇಬೇಡಿ.

ನಿಜಕ್ಕೂ ಗಮನಿಸಬೇಕಾದ್ದು ಮೈಯ ಉಷ್ಣಾಂಶ 35 ಡಿಗ್ರಿಗಿಂತ ಇಳಿಯುವುದು. ಮೊದಲು ನಡುಕ. ಆಮೇಲೆ ಮಾತು ತೊದಲುತ್ತದೆ, ಕೈಯಲ್ಲಿ ಹಿಡಿದದ್ದು ಬೀಳುತ್ತದೆ, ಮಂಕು ಕವಿಯುತ್ತದೆ. ನಡುಗುತ್ತಿದ್ದ ಮಗು ಬೆಚ್ಚಗಾಗದೆ ಸುಮ್ನಾಗಿಬಿಟ್ಟರೆ ಅದು ಸಮಾಧಾನವಲ್ಲ, ಅಪಾಯ. ಪುಟ್ಟ ಮಕ್ಕಳು ಅಳದೆಯೇ ಸಪ್ಪಗಾಗಬಹುದು, ಚರ್ಮ ಕೆಂಪಾಗಿ ತಣ್ಣಗಿರಬಹುದು. ಆಗ ಒದ್ದೆ ಬಟ್ಟೆ ತೆಗೆದು, ನಿಮ್ಮ ಎದೆಗೆ ಬರಿಮೈಯಲ್ಲಿ ಅಪ್ಪಿಕೊಂಡು, ಇಬ್ಬರಿಗೂ ಸೇರಿಸಿ ಹೊದ್ದು 911ಕ್ಕೆ ಕರೆ ಮಾಡಿಸಿ. ಪಾರ್ಕಿನ ಎಲ್ಲ ಕಡೆ ಸಿಗ್ನಲ್ ಸಿಗುವುದಿಲ್ಲ. ಹೋದ ತಕ್ಷಣ ನಿಮ್ಮ ಫೋನ್ ಎಲ್ಲಿ ಹಿಡಿಯುತ್ತದೆ, ಬಿಗ್ ಮೆಡೋಸ್ ಲಾಡ್ಜ್‌ಗೆ ದಾರಿ ಯಾವುದು ಅಂತ ಹಗಲಲ್ಲೇ ನೋಡಿಟ್ಟುಕೊಳ್ಳಿ. ಇಷ್ಟಕ್ಕೆ ಹೋಗುವ ಮೊದಲೇ, ಮಗು ಬೆಚ್ಚಗಾಗುತ್ತಿಲ್ಲ ಅನ್ನಿಸಿದ ಕೂಡಲೇ ಮನೆಗೆ ಹೊರಡಿ. ಟೆಂಟ್ ಮಡಚುತ್ತಾ ಕೂರಬೇಡಿ, ಮರುದಿನ ಒಬ್ಬರು ಹೋಗಿ ತಂದರಾಯಿತು. ಕಾರಿನ ಟ್ಯಾಂಕ್ ತುಂಬಿರಲಿ, ಮೂತಿ ರಸ್ತೆಯ ಕಡೆ ತಿರುಗಿರಲಿ, ಕೀ ಎಲ್ಲಿದೆ ಅಂತ ಇಬ್ಬರಿಗೂ ಗೊತ್ತಿರಲಿ.

ಹೊರಡುವ ಹಿಂದಿನ ವಾರ ಒಂದು ರಾತ್ರಿ ಮನೆಯ ಹಿತ್ತಲಲ್ಲೋ ಡೆಕ್ ಮೇಲೋ ಟೆಂಟ್ ಹಾಕಿ ನಾಲ್ವರೂ ಮಲಗಿ. ಅಲ್ಲಿಗೆ ಒಯ್ಯುವ ಪ್ಯಾಡ್, ಅದೇ ಬಟ್ಟೆ, ಅದೇ ಕಂಬಳಿ. ಪ್ಯಾಡ್ ಹೇಗಿದೆ ಅಂತ ಅತ್ತೆಯೂ ಒಮ್ಮೆ ಅದರ ಮೇಲೆ ಕೂತು ನೋಡಲಿ. ಯಾರು ಎಷ್ಟು ಹೊತ್ತಿಗೆ ಎದ್ದರು, ಯಾರ ಬೆನ್ನು ತಣ್ಣಗಿತ್ತು, ಮಗ ಎಷ್ಟು ಸಲ ಉರುಳಿ ಟೆಂಟಿನ ಗೋಡೆಗೆ ಒತ್ತಿಕೊಂಡ ಅಂತ ಬೆಳಿಗ್ಗೆ ಬರೆದಿಟ್ಟುಕೊಳ್ಳಿ. ಬೆಟ್ಟದ ಮೇಲೆ ಇನ್ನೂ 6 ಡಿಗ್ರಿ ಕಡಿಮೆ ಅನ್ನುವುದನ್ನು ಅದಕ್ಕೆ ಸೇರಿಸಿ, ಇನ್ನೇನು ಬೇಕು ಅಂತ ಆಗ ಪಟ್ಟಿ ಮಾಡಿ.